ಅಲ್ವರ್ನಿಯಾಳ ನೆಲ

ಹೆಜ್ರನ್ ಬೈರಿಗೆಯ ಮೊನೆಯನ್ನು ಖಾಲಿ ಶವಪೆಟ್ಟಿಗೆಯ ತಳಕ್ಕೆ ಊರಿದ್ದನಷ್ಟೇ, ಇನ್ನೂ ತಿರುಗಿಸಿರಲಿಲ್ಲ, ಮಗಳು ಕ್ಲೋರಿಸ್ ಒಳಗಿನಿಂದ ಓಡಿ ಬಂದು ಅವನ ಮುಂಗೈ ಹಿಡಿದಳು.

"ಏನಪ್ಪಾ ಇದು? ಅಮ್ಮನ ಪೆಟ್ಟಿಗೆಗೂನಾ?"

"ತೂತಿಲ್ದೇ ಇದ್ರೆ ತೇಲತ್ತೆ ಮಗಳೇ."

"ತೇಲ್ಲಿ! ಬದುಕಿದ್ದಷ್ಟು ದಿನ ತೂತುಗಳ ಮೇಲೇ ಮಲಗಿದ್ಳು. ಇದೊಂದು ನೆಲನಾದ್ರೂ ಗಟ್ಟಿಯಾಗಿರ್ಲಿ."

ಹೆಜ್ರನ್ ಬೈರಿಗೆಯನ್ನು ಎತ್ತಲೂ ಇಲ್ಲ, ತಿರುಗಿಸಲೂ ಇಲ್ಲ. ಆಕಾಶ ಹಳದಿಗಟ್ಟಿತ್ತು. ಗಾಳಿ ಇನ್ನೂ ಬಂದಿರಲಿಲ್ಲ. ಬರುತ್ತೇನೆಂದು ಹೇಳಿ ಕಳಿಸಿತ್ತು. ಬಿಟರ್ ಕೇ ದ್ವೀಪದಲ್ಲಿ ಯಾರಾದರೂ ಸತ್ತರೆ ಊರೆಲ್ಲ ಸೇರಿ ಬೆಳಗಿನವರೆಗೆ ಹಾಡುವುದು ವಾಡಿಕೆ. ಈ ಸಲ ಹಾಡುವವರೆಲ್ಲ ತಂತಮ್ಮ ಕಿಟಕಿಗಳಿಗೆ ಹಲಗೆ ಬಡಿಯುತ್ತಿದ್ದರು. ಸ್ತೋತ್ರವಿಲ್ಲದೆ ಬರೀ ತಾಳ.

ಅಲ್ವರ್ನಿಯಾಳ ತಮ್ಮ ಟೆಡ್ಲಿಸ್ ಹೆಗಲ ಮೇಲೆ ಹಲಗೆ ಹೊತ್ತು ಅಂಗಳಕ್ಕೆ ಬಂದ. ಮೂಗು ಹಿಡಿದುಕೊಂಡು ರೇಡಿಯೋದವನ ದನಿ ತೆಗೆದ: "ಚಂಡಮಾರುತವು ಸಂಜೆಯೊಳಗೆ ದ್ವೀಪಗಳನ್ನು ತಲುಪುವ ನಿರೀಕ್ಷೆಯಿದೆ. ನಾಗರಿಕರು ಗಾಬರಿಪಡಬಾರದು." ಮೂಗು ಬಿಟ್ಟ. "ನಿರೀಕ್ಷೆಯಂತೆ! ಮದುವೆ ದಿಬ್ಬಣ ನೋಡು. ರಾಜಧಾನಿ ನಸ್ಸಾವಿನ ಕಲ್ಲುಗೋಡೆ ಒಳಗೆ ಕೂತ್ಕೊಂಡು ನಮಗೆ ಧೈರ್ಯ ಹೇಳ್ತಾನೆ ಬಡ್ಡೀಮಗ." ಆಮೇಲೆ ಬೈರಿಗೆ ನೋಡಿದ, ಕ್ಲೋರಿಸಳ ಕೈ ನೋಡಿದ. ಅವನಿಗೆ ಅರ್ಥವಾಯಿತು.

"ಹಾಕ್ಲಿ ಬಿಡಮ್ಮ. ನಮ್ಮ ಅತ್ತೆ ಕತೆ ಮರೆತ್ಯಾ? ಹೂತು ಎರಡು ವರ್ಷ ಆದ್ಮೇಲೆ ನೀರು ಬಂದಾಗ ಪೆಟ್ಟಿಗೆ ಸಮೇತ ಎದ್ದು ಬಂದು ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ಳು. ಬದುಕಿದ್ದಾಗ ಒಂದು ಭಾನುವಾರ ಆ ಕಡೆ ತಲೆ ಹಾಕಿದವಳಲ್ಲ."

ಕ್ಲೋರಿಸ್ ನಗಲಿಲ್ಲ. "ನಿಮ್ಮತ್ತೆ ಪೆಟ್ಟಿಗೆ ಯಾರೋ ಮಾಡಿದ್ದು ಮಾವ. ಇದು ಅಪ್ಪ ಮಾಡಿದ್ದು."

"ಅದಕ್ಕೇ ಇನ್ನೂ ಭಯ," ಎಂದ ಟೆಡ್ಲಿಸ್.

ಹೆಜ್ರನ್ ದೋಣಿ ಕಟ್ಟುವವನು. ಸಂದುಗಳಿಗೆ ಅರಳೆ ತುರುಕಿ, ಡಾಂಬರು ಸವರಿ, ಹನಿ ನೀರು ನುಸುಳದ ಹಾಗೆ ಬಿಗಿ ಮಾಡುವುದು ಅವನ ಕೈಗೆ ಅಂಟಿದ ಅಭ್ಯಾಸ. ಅವನು ಕಟ್ಟಿದ್ದು ಯಾವುದೂ ಮುಳುಗಿದ್ದಿಲ್ಲ. ಊರು ಅದನ್ನು ಹೊಗಳಿಕೆಯೆಂದು ಹೇಳುತ್ತಿತ್ತು. ಅವನೆದುರಿಗೆ ಮಾತ್ರ ಹೇಳುತ್ತಿರಲಿಲ್ಲ.

*

ಅವರ ಮೊದಲ ಮನೆಯನ್ನೂ ಅವನೇ ಕಟ್ಟಿದ್ದ. ಗಿಡ್ಡ ಕಂಬಗಳ ಮೇಲೆ ಕೂತ ಮನೆ, ಒಳಗೆ ಪೈನ್ ಹಲಗೆಯ ನೆಲ. ಆ ಹಲಗೆ ತರಿಸಲು ಅಲ್ವರ್ನಿಯಾ ವರ್ಷಗಟ್ಟಲೆ ತಾಳೆಗರಿ ಹೆಣೆದು ಬೆರಳ ತುದಿಯ ಗೆರೆಗಳನ್ನೇ ಸವೆಸಿಕೊಂಡಿದ್ದಳು. ಶನಿವಾರ ಶನಿವಾರ ಮರಳು, ಸುಣ್ಣ ಹಾಕಿ ಉಜ್ಜುವಳು. ನೆಲ ಮೊಟ್ಟೆಯ ಹಾಗೆ ಬೆಳ್ಳಗಿತ್ತು. ಪಾದ್ರಿಯೂ ಹೊರಗೆ ಬೂಟು ಬಿಟ್ಟು ಬರಬೇಕು.

ಮಗ ಹುಟ್ಟಿದ ವರ್ಷದ ಚಂಡಮಾರುತದಲ್ಲಿ ಸಮುದ್ರ ಅಂಗಳ ದಾಟಿ ಮನೆಯಡಿಗೆ ಬಂತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ದ್ವೀಪದ ಮಕ್ಕಳಿಗೂ ಗೊತ್ತು: ನೆಲ ಒಡೆದು ಸಮುದ್ರವನ್ನು ಒಳಗೆ ಬಿಟ್ಟುಕೊಳ್ಳಬೇಕು. ನೀರು ತುಂಬಿದ ಮನೆ ಕಂಬದ ಮೇಲೆ ಕೂರುತ್ತದೆ. ನೀರೊಲ್ಲದ ಮನೆ ದೋಣಿಯಾಗುತ್ತದೆ.

ಹೆಜ್ರನ್ ಕೊಡಲಿ ಎತ್ತಿದ. ಅಲ್ವರ್ನಿಯಾ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು.

"ಗೋಡೆ ಕಡಿ, ಬಾಗಿಲು ಕಡಿ. ಇದನ್ನ ಮಾತ್ರ ಬೇಡ. ಇನ್ನೊಂಚೂರು ನೋಡೋಣ, ಇಳಿಯತ್ತೆ."

ಅವನು ಕೊಡಲಿ ಇಳಿಸಿದ. ಇನ್ನೊಂಚೂರು ನೋಡಿದರು.

ಮನೆ ಕಂಬ ಬಿಟ್ಟು ಎದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ ಎದ್ದಿತು. ತೊಟ್ಟಿಲ ಹಾಗೆ ತೂಗಿತು. ಅವಳ ತೊಡೆಯ ಮೇಲಿದ್ದ ಮಗ ಲಿಂಡನ್, ಇನ್ನೂ ಹಲ್ಲು ಬಾರದ ಕೂಸು, ಆ ತೂಗಾಟಕ್ಕೆ ನಕ್ಕ. ಮನೆ ಹೋಗಿ ಬಂಡೆಗೆ ಬಡಿಯಿತು. ಗಂಡ ಹೆಂಡತಿ ಎರಡು ಹಲಗೆ ಹಿಡಿದು ಬದುಕಿದರು. ಅವಳು ಹಿಡಿದದ್ದು ಬೆಳ್ಳಗಿನ ಹಲಗೆ. ಕೂಸು ಸಿಗಲಿಲ್ಲ; ಗೋರಿ ಕಟ್ಟುವುದಕ್ಕೂ ಸಿಗಲಿಲ್ಲ.

ಅವನು ಬೈಯಲಿಲ್ಲ. ಅವಳು ಒಂದೇ ಒಂದು ಸಲ ಕೇಳಿದ್ದಳು: "ನೀನು ಯಾಕೆ ನನ್ನ ಮಾತು ಕೇಳಿದೆ?"

*

ಮಧ್ಯಾಹ್ನಕ್ಕೆ ಗಾಳಿ ಹುಟ್ಟಿತು. ಒಳಗೆ ಮಂಚದ ಮೇಲೆ ಅಲ್ವರ್ನಿಯಾ ಇಸ್ತ್ರಿಯ ಬಿಳಿ ಅಂಗಿಯಲ್ಲಿ ಮಲಗಿದ್ದಳು. ಅವಳ ಸುತ್ತಲೇ ಮನೆಯನ್ನು ಗಾಳಿಗೆ ಸಜ್ಜು ಮಾಡಬೇಕಿತ್ತು. ಟೆಡ್ಲಿಸ್ ಸೂರಿಗೆ ಹಗ್ಗ ಎಸೆದು ಹುಣಸೆಮರಕ್ಕೆ ಬಿಗಿದ. ಕ್ಲೋರಿಸ್ ಪೀಪಾಯಿಗಳಿಗೆ ನೀರು ತುಂಬಿದಳು. ಟೆಡ್ಲಿಸ್ ಸೊಂಟಕ್ಕೆ ಕೈಯಿಟ್ಟು ಅಕ್ಕನ ದನಿ ತೆಗೆದ: "ಕೋಳಿ ಚೀಲಕ್ಕೆ! ಹಾಸಿಗೆ ಅಟ್ಟಕ್ಕೆ! ಟೆಡ್ಲಿಸಾ, ನೀನು ಕೆಲಸಕ್ಕೆ! ಬಿರಡೆ ಕಿತ್ರಾ ಇಲ್ವಾ?"

"ಕಿತ್ತೆ ಅಮ್ಮಾ," ಎಂದುಬಿಟ್ಟಳು ಕ್ಲೋರಿಸ್.

ಮೂವರೂ ಮಂಚದ ಕಡೆ ನೋಡಿದರು.

ಈ ಎರಡನೆಯ ಮನೆಗೆ ಮಂಚ ಬರುವ ಮೊದಲೇ ಅಲ್ವರ್ನಿಯಾ ತಾನೇ ಬೈರಿಗೆ ಹಿಡಿದು ನೆಲದ ತುಂಬ ತೂತು ಕೊರೆದಿದ್ದಳು. ಒಂದೊಂದಕ್ಕೂ ಮರದ ಬಿರಡೆ. ರೇಡಿಯೋದಲ್ಲಿ ಗಾಳಿಯ ಸುದ್ದಿ ಬಂದರೆ ಕೀಳುವುದು, ಹೋದರೆ ಹಾಕುವುದು. ಊರು ಮನೆಗೆ 'ಜರಡಿ' ಎಂದು ಹೆಸರಿಟ್ಟಿತು. ಬರಬರುತ್ತ ಅವಳು ಹಾಕುವುದನ್ನೇ ಬಿಟ್ಟಳು. ಏಡಿಗಳು ಮೇಲೆ ಬಂದು ಒಲೆ ಪಕ್ಕ ಕೂತವು, ಉಪ್ಪಿನ ತೇವ ಹಾಸಿಗೆಗೆ ಏರಿತು, ಹಾಸಿಗೆಯಿಂದ ಎದೆಗೆ. ಕೆಮ್ಮು ಹೆಚ್ಚಾದಾಗ ಕ್ಲೋರಿಸ್ ಕದ್ದು ಬಿರಡೆ ಬಡಿದರೆ, ಅವಳು ಕೆಮ್ಮುತ್ತಲೇ ಎದ್ದು ಕಿತ್ತು ಮಲಗುತ್ತಿದ್ದಳು. ಆ ನೆಲವನ್ನು ಅವಳು ಒಮ್ಮೆಯೂ ಉಜ್ಜಲಿಲ್ಲ.

"ಆ ತೇವಾನೇ ಅವಳನ್ನ ತಿಂದಿದ್ದು," ಎಂದಳು ಕ್ಲೋರಿಸ್. "ಇನ್ನು ಪೆಟ್ಟಿಗೆ ಒಳಗೂ ನೀರು ಬಿಡ್ತೀಯಾ ಅಪ್ಪಾ? ನಿಂಗೆ ಕೈ ಮುಗೀತೀನಿ."

ಹೆಜ್ರನ್ ಕೈಯಲ್ಲಿದ್ದ ಬೈರಿಗೆಯನ್ನು ಕೆಳಗಿಟ್ಟ. ಆಮೇಲೆ "ಆಯ್ತು" ಎಂದ.

"ಭಾವ," ಎಂದ ಟೆಡ್ಲಿಸ್. ಈಗ ಅವನು ಯಾರ ದನಿಯನ್ನೂ ತೆಗೆಯಲಿಲ್ಲ. "ಒಂದು ಸಲ ನೀನು ಹೀಗೇ 'ಆಯ್ತು' ಅಂದಿದ್ದೆ."

"ಗೊತ್ತು."

"ಲಿಂಡನ್ ಎಲ್ಲಿದಾನೋ ಗೊತ್ತಿಲ್ಲ. ಇವಳೂ ಎಲ್ಲಿದಾಳೋ ಗೊತ್ತಿಲ್ಲ ಅನ್ನೋ ಹಾಗಾದ್ರೆ?"

"ಗೊತ್ತು ಅಂದ್ನಲ್ಲ."

ಅವಳನ್ನು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಮುಚ್ಚಳ ಬಿಗಿದರು.

ಗೋರಿನೆಲ ಕಡಲ ಪಕ್ಕದ ಮರಳು. ಸ್ಟಬ್ಸ್ ಪಾದ್ರಿ ಮಾಮೂಲಿ ದಿನ 'ನಮ್ಮ ಪ್ರಿಯ ಸಹೋದರಿ' ಎಂಬುದೊಂದನ್ನೇ ಬಂದರಿನಿಂದ ಗುಡ್ಡದವರೆಗೆ ಎಳೆಯುವವರು. ಇಂದು ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇಡೀ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಮುಗಿಸಿದರು. ಬಂದಿದ್ದವರು ಹಗ್ಗ ಸಡಿಲಿಸಿದರು. ಪೆಟ್ಟಿಗೆ ಅರ್ಧ ಇಳಿದು ನಿಂತಿತು.

ಗುಂಡಿಯೊಳಗೆ ಸಮುದ್ರ ಆಗಲೇ ಬಂದಿತ್ತು. ಪೆಟ್ಟಿಗೆ ಅದರ ಮೇಲೆ ಚೆಂದವಾಗಿ, ಓರೆಯಿಲ್ಲದೆ, ಹೆಜ್ರನನ ದೋಣಿಗಳೆಲ್ಲ ತೇಲುವ ಹಾಗೆ ತೇಲಿತು. ಮೆಲ್ಲಗೆ ತಿರುಗಿ ಗುಂಡಿಯ ಬದಿಯ ಕಲ್ಲಿಗೆ ತಾಗಿ ಟಕ್ ಎಂದಿತು. ಮತ್ತೆ ತಿರುಗಿ ಟಕ್.

"ಮಣ್ಣೆಳೀರಿ," ಎಂದರು ಯಾರೋ. ಎಳೆದರು. ಮರಳು ಮುಚ್ಚಳದ ಮೇಲಿಂದ ಜಾರಿ ನೀರಿಗೆ ಹೋಯಿತು. ಪೆಟ್ಟಿಗೆ ಇನ್ನಷ್ಟು ಮೇಲೆ ಬಂತು.

ಟಕ್.

ಕ್ಲೋರಿಸ್ ಕಿವಿ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು, ಲಂಗ ಎತ್ತಿ ಕಟ್ಟಿ, ಗುಂಡಿಗೆ ಇಳಿದು ತಾಯಿಯ ತಲೆಯಿದ್ದ ಕಡೆ ಮುಚ್ಚಳದ ಮೇಲೆ ಕೂತಳು. ಪೆಟ್ಟಿಗೆ ಅತ್ತ ವಾಲಿತು.

"ಬಾ ಅಪ್ಪಾ," ಎಂದಳು. "ಇನ್ನೊಂದು ಕಡೆ ನೀನು ಕೂತ್ಕೋ."

ಟೆಡ್ಲಿಸ್ ಹಗ್ಗದ ಚೀಲಕ್ಕೆ ಕೈಹಾಕಿದ. ಯಾರನ್ನೂ ಕೇಳದೆ ಬೈರಿಗೆಯನ್ನು ತಂದಿದ್ದ. ಹೆಜ್ರನ್ ಅದನ್ನು ಹಿಡಿದು ಇಳಿದ. ಇಬ್ಬರ ಭಾರಕ್ಕೆ ಮುಚ್ಚಳ ನೀರಿನ ಕೆಳಗೆ ಗೇಣುದ್ದ ಹೋಯಿತು. ಅವನು ಮಂಡಿಯೂರಿ, ಅಲ್ವರ್ನಿಯಾಳ ಎದೆಯಿರಬೇಕಾದ ಜಾಗ ಬಿಟ್ಟು, ಕೆಳಗೆ ಕಾಲ ಬಳಿ ಒಂದು ತೂತು ಕೊರೆದ. ಮೇಲೆ ಹೆಗಲ ಬಳಿ ಇನ್ನೊಂದು.

ಗುಳ್ಳೆ ಎದ್ದವು. ಮೊದಲು ಒಟ್ಟಿಗೆ, ಆಮೇಲೆ ಬಿಟ್ಟು ಬಿಟ್ಟು, ಮಲಗಿದವರ ಉಸಿರಿನ ಹಾಗೆ. ದಂಡೆಯ ಮೇಲಿದ್ದ ಗಂಡಸರು ಟೋಪಿ ತೆಗೆದರು; ಗಾಳಿ ಒಂದನ್ನು ಎಗರಿಸಿಕೊಂಡು ಹೋಯಿತು, ಯಾರೂ ಹಿಂದೆ ಓಡಲಿಲ್ಲ. ಕ್ಲೋರಿಸಳ ಅಂಗೈ ತಾನಾಗಿ ಹೋಗಿ ಹೆಗಲ ಬಳಿಯ ತೂತಿನ ಮೇಲೆ ಕೂತು ಒತ್ತಿ ಹಿಡಿಯಿತು.

ಹೆಜ್ರನ್ ನೀರಿನೊಳಗೆ ಕೈಯಿಟ್ಟು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.