ನಾನು ಹೇಳುವ ತನಕ ಮುಷ್ಟಿ ಬಿಡಬೇಡ

ರಬ್ಬರ್ ಮರಗಳು ಹಿಂದಕ್ಕೆ ಓಡುತ್ತಿವೆ, ಒಂದೊಂದರ ಹೊಟ್ಟೆಗೂ ಒಂದೊಂದು ತೆಂಗಿನ ಗೆರಟೆ, ಬೆಳಗ್ಗೆ ಇಳಿದ ಹಾಲಿನ ಗೆರೆ ಇನ್ನೂ ಬಿಳಿಯಾಗಿಯೇ ಉಂಟು, ಮರಕ್ಕಾದರೆ ಎಷ್ಟು ಸುಲಭ, ಗೀರಿದರೆ ಸಾಕು, ಕೊಡುತ್ತದೆ, ಶಿಫಾ ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡಳು, ಪಕ್ಕದಲ್ಲಿ ಉಮ್ಮ, ಉಪ್ಪಿನಂಗಡಿ ದಾಟಿತು, ಇನ್ನು ನೆಲ್ಯಾಡಿ, ಮನೆ, ಅಂಗಳದಲ್ಲಿ ಅಣ್ಣ ಶಫೀಕ್ ನಿಂತಿರುತ್ತಾನೆ, ಎಂತ ಆಯ್ತು ಲ್ಯಾಬ್ ಮೇಡಂ ಎಂದು ಕೇಳುತ್ತಾನೆ, ಅವನಿಗೆ ಎಂತ ಹೇಳುವುದು, ದುಬೈಯ ಕೆಲಸ ಹೋಗಿ ಬಂದವನು ಮೊನ್ನೆ ಮುಖ ತಗ್ಗಿಸಿ ಹೇಳಿದ್ದ, ನಿನ್ನ ಎರಡನೇ ವರ್ಷದ ಫೀಸು ನನ್ನಿಂದ ಆಗುದಿಲ್ಲ ಮಾರಾಯ್ತಿ, ಎಲ್ಲಿಯಾದ್ರೂ ಅರ್ಧ ದಿನದ ಕೆಲಸ ಹಿಡಿ, ಇಲ್ಲದಿದ್ರೆ ಓದು ಇಲ್ಲಿಗೇ ನಿಲ್ತದೆ — ನಿಂತಿತು, ಇವತ್ತು ನಿಂತಿತು, ಪುತ್ತೂರಿನ ಆ ಆಸ್ಪತ್ರೆಯ ಲ್ಯಾಬಿನಲ್ಲಿ, ಕೆಲಸ ಕೊಡಬೇಕಾದ ಸುದರ್ಶನ ಸರ್ ಕನ್ನಡಕದ ಮೇಲಿನಿಂದ ನೋಡಿ ರಕ್ತ ತೆಗೆದು ಅನುಭವ ಉಂಟಾ ಎನ್ನುತ್ತಾರೆ, ಉಂಟು ಸರ್, ಎಲ್ಲಿ, ಎಲ್ಲಿ ಎಂದರೆ ಕಾಲೇಜಿನ ರಬ್ಬರ್ ಕೈ, ನಲವತ್ತು ಮಂದಿಗೆ ಒಂದೇ ಕೈ, ಒಳಗೆ ಕೆಂಪು ನೀರು, ಚುಚ್ಚಿ ಚುಚ್ಚಿ ಜರಡಿಯಾದದ್ದು, ಮತ್ತೆ ಶಫೀಕನ ಕೈ, ಪೈಪಿನ ಹಾಗೆ ಎದ್ದ ನರ, ಕಣ್ಣು ಮುಚ್ಚಿ ಚುಚ್ಚಿದರೂ ಸಿಗುವಂಥದ್ದು, ಸರಿ, ತೆಗೆದು ತೋರಿಸು, ಪೇಶೆಂಟಿನ ಮೇಲೆ ಬೇಡ, ನಿನ್ನವರು ಯಾರಾದ್ರೂ ಬಂದಿದ್ದಾರಾ, ಅಷ್ಟು ಕೇಳಿದ್ದೇ ತಡ, ಬಾಗಿಲಲ್ಲಿದ್ದ ಉಮ್ಮ ಬುರ್ಖಾದ ತೋಳು ಏರಿಸಿಕೊಂಡೇ ಒಳಗೆ ಬಂದಾಗಿತ್ತು, ನನ್ನದು ತೆಗೀಲಿ ಸಾರ್, ಒಂಬತ್ತು ತಿಂಗಳು ಕೊಟ್ಟವಳಿಗೆ ಇದೊಂದು ದೊಡ್ಡದಾ, ಸರ್ ನಕ್ಕರು, ಶಿಫಾ ಕೂಡ ನಕ್ಕಳು, ನಕ್ಕದ್ದು ಅದೇ ಕೊನೆ, ತೋಳಿಗೆ ಪಟ್ಟಿ ಕಟ್ಟಿದಳು, ಮುಷ್ಟಿ ಹಿಡಿ ಉಮ್ಮ, ಗಟ್ಟಿ, ನಾನು ಹೇಳುವ ತನಕ ಬಿಡಬೇಡ, ಉಮ್ಮ ಹಲ್ಲು ಕಚ್ಚಿ ಮುಷ್ಟಿ ಹಿಡಿದಳು, ಹೆಬ್ಬೆರಳು ಒಳಗೆ, ನರ ಎಲ್ಲಿ, ತಡಕಿದರೆ ಎಂತದೂ ಇಲ್ಲ, ಕಲಸಿಟ್ಟ ಹಿಟ್ಟಿನ ಹಾಗೆ ಮೆತ್ತಗೆ, ಚುಚ್ಚಿದಳು, ಖಾಲಿ, ಇನ್ನೊಮ್ಮೆ, ಖಾಲಿ, ನೋಯ್ತದಾ, ಇಲ್ಲಪ್ಪ ಇರುವೆ ಕಚ್ಚಿದಷ್ಟೂ ಇಲ್ಲ ನೀನು ತೆಗಿ ಎಂದವಳ ಕಣ್ಣಲ್ಲಿ ನೀರು, ಮೂರನೆಯದೂ ಖಾಲಿ, ಸರ್ ಸೂಜಿ ತೆಗೆದುಕೊಂಡು ಪಟ್ಟಿ ಬಿಚ್ಚಿದರು, ಸಾಕು ಮಗಾ, ಕೋರ್ಸ್ ಮುಗಿಸಿ ಬಾ, ಆಗದಾ, ಮುಗಿಸಲಿಕ್ಕೇ ಅಲ್ವಾ ಸರ್ ಕೆಲಸ ಕೇಳುದು ಎನ್ನುವಷ್ಟರಲ್ಲಿ ಮುಂದಿನ ಹುಡುಗಿಯನ್ನು ಕರೆದಾಗಿತ್ತು, ಅವಳ ಫೈಲು ದಪ್ಪ, ಉಮ್ಮನ ತೋಳಿನ ಮೇಲೆ ಮೂರು ಹತ್ತಿ ಉಂಡೆ, ಕೆಳಗೆ ಅದೇ ಮುಷ್ಟಿ.

ಕಾರ್ಡ್ ತೋರಿಸಿ ಮಾರಾಯ್ರೆ, ಕಂಡಕ್ಟರ್ ನಿಂತಿದ್ದಾನೆ, ಉಮ್ಮ ಎಡಗೈಯಿಂದ ಬ್ಯಾಗು ತಡಕಿ ಆಧಾರ್ ತೆಗೆಯುತ್ತಾಳೆ, ಎಡಗೈ ಯಾಕೆ, ನೋವಿರಬೇಕು, ಹೇಳುವವಳಲ್ಲ, ಮಗಳೇ, ಇನ್ನು ನೀರು ಕುಡೀಬಹುದಲ್ವಾ, ಎಂತ ಉಮ್ಮ, ಅಲ್ಲ ಪರೀಕ್ಷೆ ಮುಗೀತಲ್ಲ, ಸುಬುಹಿ ನಮಾಜಿನಿಂದ ಒಂದು ಗುಟುಕು ಇಳಿಸ್ಲಿಲ್ಲ, ರಕ್ತ ಕೊಡುದಾದ್ರೆ ಖಾಲಿ ಹೊಟ್ಟೆ ಅಂತ ನೀನೇ ಅಲ್ವಾ ದೊಡ್ಡದಾಗಿ ಓದ್ತಾ ಇದ್ದದ್ದು, ಎಲ್ಲಿಯಾದ್ರೂ ಕೈ ಕೇಳಿದ್ರೆ ಅಂತ ನಾನು ರೆಡಿಯಾಗಿಯೇ ಬಂದದ್ದು, ಉಪವಾಸ ನನಗೆ ಹೊಸತಾ — ಓದಿದ್ದು ಹೌದು, ಬಾಯಿಪಾಠಕ್ಕೆ, ಗಟ್ಟಿಯಾಗಿ, ಉಮ್ಮ ಒಳಗೆ ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದಳು, ಅದರ ಕೆಳಗಿನ ಸಾಲು, ನೀರು ಧಾರಾಳ ಕುಡಿದಿರಬೇಕು, ಇಲ್ಲವಾದರೆ ನರ ಕುಗ್ಗಿಹೋಗುತ್ತದೆ ಎಂಬುದು, ಅದನ್ನು ಶಿಫಾ ಮನಸ್ಸಿನಲ್ಲೇ ಓದಿಕೊಂಡಿದ್ದಳು, ಅಷ್ಟೇ, ಒಂದು ಸಾಲು, ಬೆಳಗ್ಗಿನಿಂದ ಎರಡು ಗಂಟೆಯ ತನಕ ಆ ಸೆಕೆಯಲ್ಲಿ, ಆ ಬೆಂಚಿನಲ್ಲಿ, ಬೇಕಾ ಉಮ್ಮ ಎಂದು ಬಾಟಲಿ ಚಾಚಿದರೆ ಬೇಡ ಬೇಡ ಎಂದು ನಕ್ಕಿದ್ದಳಲ್ಲ, ಆ ಸಾಲು ಹೇಳಬಾರದು, ಯಾವತ್ತೂ ಹೇಳಬಾರದು, ಕುಡಿ ಉಮ್ಮ, ಪೂರ ಕುಡಿ, ಉಮ್ಮ ಎಡಗೈಯಿಂದಲೇ ಬಾಟಲಿ ಎತ್ತಿ ಕುಡಿದಳು, ಗಂಟಲು ಮೇಲೆ ಕೆಳಗೆ, ಮೇಲೆ ಕೆಳಗೆ, ನನ್ನ ನರವೇ ಸರಿ ಇಲ್ಲ ಮಗಳೇ, ನಿನ್ನ ತಪ್ಪೆಂತ ಉಂಟು, ಎಂದವಳು ಹಾಗೇ ಹೆಗಲಿಗೆ ತಲೆ ವಾಲಿಸಿದಳು, ನಿದ್ದೆ ಬಂದೇ ಬಿಟ್ಟಿತು, ಮರಗಳು, ಗೆರಟೆಗಳು, ನೆಲ್ಯಾಡಿಗೆ ಇನ್ನೆಷ್ಟು ದೂರ, ಮಡಿಲಲ್ಲಿ ಬಲಗೈ — ಬಿಡು ಎಂದು ಹೇಳಲೇ ಇಲ್ಲ, ಲ್ಯಾಬಿನಲ್ಲಿ ಯಾರೂ ಹೇಳಲಿಲ್ಲ, ಈಗ ಹೇಳಬೇಕು, ಬಿಡು ಉಮ್ಮ, ಮುಗೀತು, ಉಮ್ಮನ ಮುಷ್ಟಿ, ಹೆಬ್ಬೆರಳು ಒಳಗೆ, ಗೆಣ್ಣುಗಳು ಬೆಳ್ಳಗೆ, ನಿದ್ದೆಯಲ್ಲೂ, ಮುಷ್ಟಿ