ಗೋಡೆಯ ಬುಡದ ಗಂಡಿ

ಪುಟ್ಟಮಾದಯ್ಯನ ಹತ್ತಿರ ಸರ್ಟಿಫಿಕೇಟ್ ಇರಲಿಲ್ಲ.

ಮೂವತ್ತು ವರ್ಷ ಗೋಡೆ ಎಬ್ಬಿಸಿದ ಕೈ ಇತ್ತು. ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂಬುದು ತಲೆಯಲ್ಲಿತ್ತು. ಅದನ್ನು ಯಾವ ಕಚೇರಿಯೂ ಫೈಲಿಗೆ ಹಾಕಿಕೊಳ್ಳುವುದಿಲ್ಲ.

ಅವನ ಊರು ನಡುಗಡ್ಡೆ. ಸಂತೆಮರಹಳ್ಳಿಯಿಂದ ಆಚೆ ಹೊಳೆ ಎರಡಾಗಿ ಸೀಳಿ, ಅರ್ಧ ಮೈಲಿ ಹರಿದು ಮತ್ತೆ ಒಂದಾಗುತ್ತದೆ. ಆ ಎರಡು ಸೀಳಿನ ನಡುವೆ ಇಪ್ಪತ್ತಮೂರು ಮನೆ. ಬೇಸಿಗೆಯಲ್ಲಿ ಮಂಡಿ ನೆನೆಯದ ಹಾಗೆ ಎಮ್ಮೆ ಹೊಡೆದುಕೊಂಡು ದಾಟಬಹುದು. ಮೇಲೆ ಪುಣಜನೂರು ಕಾಡಿನಲ್ಲಿ ಎರಡು ದಿನ ಬಿಡದೆ ಮಳೆ ಹೊಯ್ದರೆ ಮಾತ್ರ ಮೂರನೆಯ ದಿನ ಹೊಳೆ ಅಂಗಳಕ್ಕೆ ಬರುತ್ತಿತ್ತು. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಹೀಗಾಗುವುದು ಊರಿಗೆ ಗೊತ್ತಿತ್ತು, ಅದಕ್ಕೆ ತಕ್ಕಂತೆ ಊರು ಮನೆ ಕಟ್ಟಿಕೊಂಡಿತ್ತು. ಪ್ರತಿ ಮನೆಯ ಕಿರಿದಾದ ಪಕ್ಕ ಹೊಳೆ ಬರುವ ಕಡೆಗೆ. ಆ ಗೋಡೆಯ ಬುಡದಲ್ಲೊಂದು, ಅದರ ನೇರಕ್ಕೆ ಎದುರು ಗೋಡೆಯ ಬುಡದಲ್ಲೊಂದು ಮೊಳದಗಲದ ಗಂಡಿ. ಉಳಿದ ದಿನಗಳಲ್ಲಿ ಅದಕ್ಕೆ ಹಸಿಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿದಿರುತ್ತಿದ್ದರು. ನೀರು ಅಂಗಳಕ್ಕೆ ಬಂತೆಂದರೆ ಒನಕೆಯಲ್ಲಿ ಎರಡು ಪೆಟ್ಟು. ಮಣ್ಣು ಉದುರುತ್ತದೆ, ಹೊಳೆ ಒಳಗೆ ಬಂದು ಹೊರಗೆ ಹೋಗುತ್ತದೆ. ಜನ ಅಟ್ಟದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ನಾಲ್ಕನೆಯ ದಿನ ಕೆಸರು ಬಳಿದು ಒಲೆ ಹಚ್ಚುತ್ತಾರೆ. ಗೋಡೆ ಬಿದ್ದದ್ದನ್ನು ಪುಟ್ಟಮಾದಯ್ಯ ಕಂಡಿರಲಿಲ್ಲ, ಅವನಪ್ಪನೂ ಕಂಡಿರಲಿಲ್ಲ.

2006ರಲ್ಲಿ ವಸತಿ ಯೋಜನೆ ಬಂತು. ಹಳೆಯ ಮನೆ ಕೆಡವಿ ಹೊಸದು ಕಟ್ಟಬೇಕು. ನಕ್ಷೆಯೂ ಜೊತೆಗೇ ಬಂತು. ಆ ನಕ್ಷೆ ಬರೆದದ್ದು ಗುಂಡ್ಲುಪೇಟೆ ಬಯಲಿಗೆ. ಬೇಗೂರಿನ ಪಕ್ಕ ಅದೇ ನಕ್ಷೆಯಲ್ಲಿ ಆಗಲೇ ನಲವತ್ತು ಮನೆ ಎದ್ದಿದ್ದವು. ಅಲ್ಲಿ ಕುಡಿಯುವ ನೀರಿಗೇ ಕೊಡ ಸಾಲಿಡಬೇಕು, ಇನ್ನು ಹೊಳೆ ಮನೆಗೆ ಬರುವ ಮಾತೆಲ್ಲಿ. ಆ ಹಾಳೆಯನ್ನೇ ಜೆರಾಕ್ಸ್ ಮಾಡಿಸಿ, ಊರಿನ ಹೆಸರು ತಿದ್ದಿ ನಡುಗಡ್ಡೆಗೆ ತಂದರು. ಮನೆಗಳೆಲ್ಲ ಒಂದೇ ಸಾಲು, ಬಾಗಿಲು ರಸ್ತೆಗೆ, ಉದ್ದನೆಯ ಗೋಡೆ ಹೊಳೆಗೆ ಎದೆ ಕೊಟ್ಟು. ಶೀಟಿನ ಸೂರು. ಅಟ್ಟ ಇಲ್ಲ.

ಗುತ್ತಿಗೆದಾರ ಗಾರೆ ಕೆಲಸಕ್ಕೆ ಪುಟ್ಟಮಾದಯ್ಯನನ್ನೇ ಕರೆದ. ಸಾಲು ತಿರುಗಿಸುವುದು ಅವನ ಕೈಯಲ್ಲಿರಲಿಲ್ಲ. ಗಂಡಿ ಬಿಡುವುದು ಇತ್ತು. ಇಪ್ಪತ್ತಮೂರು ಮನೆಗೂ ಬಿಟ್ಟ.

ಫೋಟೋ ತೆಗೆಯಲು ಬಂದ ಎಂಜಿನಿಯರ್ ಬಸವಪ್ರಸಾದನಿಗೆ ಇಪ್ಪತ್ತಾರು ವರ್ಷ. ಗುಂಡ್ಲುಪೇಟೆ ಕಡೆಯವನು.

"ಏನಪ್ಪಾ ಇದು, ಹೆಗ್ಗಣಕ್ಕೆ ಬಾಗಿಲು ಇಟ್ಟಿದ್ದೀಯ?"

"ಒಳೆಗೆ ಬುದ್ಧಿ."

ಜೀಪಿನ ಡ್ರೈವರ್ ನಕ್ಕ. "ಹೊಳೆ ಏನ್ ನಿಮ್ಮನೆ ನೆಂಟನಾ?"

"ಊ ಕಣಪ್ಪ. ಅತ್ತೊರ್ಸಕ್ಕೊಂದ್ಸಲ ಬತ್ತನ. ಕೇಳ್ಬುಟ್ಟು ಬರಕಿಲ್ಲ. ಬಾಗ್ಲು ತಗೀನಿಲ್ಲ ಅಂದ್ರ ಗ್ವಾಡನೇ ಒದೀತನ."

ಬಸವಪ್ರಸಾದನಿಗೆ ನಗು ಬರಲಿಲ್ಲ. "ನಕ್ಷೆಯಲ್ಲಿ ಇಲ್ಲದ ತೂತು ಗೋಡೆಯಲ್ಲಿ ಇರಕೂಡದು. ಹೀಗಿದ್ದರೆ ಫೋಟೋ ಒಪ್ಪಲ್ಲ. ಫೋಟೋ ಒಪ್ಪದಿದ್ದರೆ ಹಕ್ಕುಪತ್ರ ಇಲ್ಲ."

ನಾಲ್ಕು ತಲೆಮಾರಿನಿಂದ ಆ ನೆಲದ ಮೇಲಿದ್ದವರಿಗೆ ಒಂದು ಚೂರು ಕಾಗದ ಇರಲಿಲ್ಲ. ನಾಳೆ ಯಾರೋ ಬಂದು, ಇದು ಹೊಳೆಯ ಜಾಗ, ಏಳಿ ಎಂದರೆ ಏಳಬೇಕು.

ಮೊದಲು ಹಳೆಯ ಪದ್ಧತಿಯಂತೆ ಮಣ್ಣು ಮೆತ್ತಿ ಸುಣ್ಣ ಬಳಿದರು. ಬಸವಪ್ರಸಾದ ಮತ್ತೆ ಬಂದವನು ಜೀಪಿನ ಕೀಲಿಯಲ್ಲಿ ಒತ್ತಿ ನೋಡಿದ. ಹಿಡಿ ಮಣ್ಣು ಅವನ ಬೂಟಿನ ಮೇಲೆ ಬಿತ್ತು.

"ನನ್ನನ್ನು ಏನಂದುಕೊಂಡಿದ್ದೀರಿ? ಸಿಮೆಂಟು ಹಾಕಿ ಮುಚ್ಚಿ. ಹದಿನೈದು ದಿನ."

ಪುಟ್ಟಮಾದಯ್ಯ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದ. ಕಚೇರಿಯ ಕಾರಿಡಾರಿನಲ್ಲಿ ಒಂದು ದಿನ ಪೂರ್ತಿ ನಿಂತ. ಮಾರನೆಯ ದಿನ ಊಟದ ಹೊತ್ತಿಗೆ ದೊಡ್ಡ ಸಾಹೇಬರು ಒಳಗೆ ಕರೆದರು. ಅವನು ಮೇಜಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯನ್ನೇ ಮನೆ ಮಾಡಿ ತೋರಿಸಿದ. ನೀರು ಇಲ್ಲಿ ತಳ್ಳುತ್ತದೆ, ಒಳಗೆ ಎದುರು ತಳ್ಳುವ ನೀರಿಲ್ಲ, ಗೋಡೆ ಹೀಗೆ ಒಳಕ್ಕೆ ಬೀಳುತ್ತದೆ.

ಸಾಹೇಬರು ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟರು. "ಏನು ಓದಿದ್ದೀಯ?"

"ಓದಿಲ್ಲ ಬುದ್ಧಿ."

"ಓದಿದವರು ಮಾಡಿದ್ದಕ್ಕೆ ತೂತು ಕೊರೀತೀಯ. ಇದಕ್ಕೇ ನೀವು ಇಷ್ಟು ಕಾಲ ಮಣ್ಣಿನ ಗುಡಿಸಲಲ್ಲೇ ಇದ್ದದ್ದು."

"ಇದ್ದೊ ಬುದ್ಧಿ," ಎಂದ ಪುಟ್ಟಮಾದಯ್ಯ. "ಕೊಚ್ಕೊಂಡು ಓಗ್ನಿಲ್ಲ."

ಜವಾನ ತೋಳು ಹಿಡಿದು ಹೊರಗೆ ಬಿಟ್ಟ.

ಊರಲ್ಲಿ ಎಲ್ಲರೂ ಕಾಯುತ್ತಿದ್ದರು. ವಿಷಯ ಕೇಳಿದ ಹೆಂಡತಿ ಗುರುಮಲ್ಲಮ್ಮನೇ ದಾರಿ ಹೇಳಿದಳು. "ಈಗ ಮುಚ್ಬುಡಿ. ಕಾಗ್ದ ಕೈಗ್ ಬಂದ್ಮೇಲ ಒಡ್ದು ಮಣ್ ಮೆತ್ಕಳನ. ಅವ್ರೇನು ದಿನಾ ಬಂದು ಗ್ವಾಡ ತಟ್ತರಾ?"

ಸಾಲಿನ ನಡುವಿನ ಮನೆಯ ಚಿಕ್ಕಬಸವಯ್ಯ, ಅವನ ಓರಗೆಯವನು, ಸಂತೆಯಲ್ಲಿ ಆಡು ಮಾರಿ ಬದುಕುವವನು, ಹಿಂದೆಯೇ ಬಂದ. "ನಮ್ಮನೇದು ಚೆನ್ನಾಗಿ ಆಕು ಕಣ್ಲಾ ಮಾದಯ್ಯ. ಕೈ ಆಡ್ಸುದ್ರೂ ಗೊತ್ತಾಗ್ಕೂಡ್ದು. ನಿನ್ ಗೆರ ಕಂಡು ನನ್ ಕಾಗ್ದ ನಿಂತೋದ್ರ ನಿನ್ ಮನ ಮುಂದ ಆಡು ಕಟ್ಟಾಕ್ತಿನಿ."

"ಕಟ್ಟಾಕು ಬುಡು, ಆಲು ಕರ್ಕತೀನಿ."

ಕೆಟ್ಟ ಕೆಲಸ ಪುಟ್ಟಮಾದಯ್ಯನ ಕೈಗೆ ಬರುತ್ತಿರಲಿಲ್ಲ. ಜಲ್ಲಿ ತುಂಬಿ, ಸಿಮೆಂಟು ಧಾರಾಳವಾಗಿ ಕಲಸಿ, ಕರಣೆಯಲ್ಲಿ ಕನ್ನಡಿಯ ಹಾಗೆ ನಯ ಮಾಡಿದ. ಗೋಣಿತಾಟು ಹಾಸಿ ಏಳು ದಿನ ನೀರು ಹೊಡೆದ. ಚಿಕ್ಕಬಸವಯ್ಯನ ಮನೆಗೆ ಮತ್ತೊಂದು ಕೈ ಹೆಚ್ಚೇ ಎಳೆದ.

ಬಸವಪ್ರಸಾದ ಕೀಲಿಯಲ್ಲಿ ಕುಟ್ಟಿದ. ಟಣ್ ಎಂದಿತು. "ನೋಡು, ಹೀಗಿರಬೇಕು," ಎಂದು ಬೆನ್ನು ತಟ್ಟಿದ. ಫೋಟೋ ಒಪ್ಪಿದರು. ಕಾಗದ ಮಾತ್ರ ಯಾವುದೋ ಸಮಾರಂಭದಲ್ಲಿ ಹಂಚಬೇಕಂತೆ, ಬರುವ ತಿಂಗಳು. ಬರುವ ತಿಂಗಳು ಹಾಗೇ ಮುಂದೆ ಹೋಯಿತು. ಕಾಗದ ಬರುವ ತನಕ ಗಂಡಿ ಒಡೆಯುವ ಹಾಗಿಲ್ಲ.

2007ರ ಅಕ್ಟೋಬರಿನಲ್ಲಿ ಕಾಡಿನಲ್ಲಿ ಎರಡು ದಿನ ಹೊಯ್ಯಿತು. ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಹೊಳೆ ಅಂಗಳದಲ್ಲಿತ್ತು.

ಎಲ್ಲರೂ ಒನಕೆ ಹಿಡಿದರು. ಎರಡು ಏಟಿಗೆ ಒಡೆಯಬೇಕಾದದ್ದು ಇಪ್ಪತ್ತಕ್ಕೂ ಒಡೆಯಲಿಲ್ಲ. ಪುಟ್ಟಮಾದಯ್ಯನ ಪಕ್ಕದ ಮೂಗಮ್ಮನ ಮನೆಯಲ್ಲಿ ಒನಕೆಯೇ ಸೀಳಿತು. ಪುಟ್ಟಮಾದಯ್ಯ ಹೆಂಗಸರು ಮಕ್ಕಳನ್ನು ಶಾಲೆಯ ತಾರಸಿಗೆ ಹತ್ತಿಸಿ, ಉಳಿ ಸುತ್ತಿಗೆ ತೆಗೆದುಕೊಂಡ. ಊರಿಗೆಲ್ಲ ಇದ್ದದ್ದು ಅದೊಂದೇ ಉಳಿ. ತನ್ನ ಮನೆಯ ಗಂಡಿಯಿಂದಲೇ ಶುರು ಮಾಡಿದ. ಆಮೇಲೆ ಮೂಗಮ್ಮನದು. ಮೂರನೆಯದು ಬಿಡಿಸುವ ಹೊತ್ತಿಗೆ ಹೊರಗೆ ನೀರು ಸೊಂಟ ದಾಟಿತ್ತು. ಸಾಲಿನ ಆ ತುದಿಯಿಂದ ಗೋಡೆಗಳು ಒಂದೊಂದಾಗಿ ಒಳಕ್ಕೆ ಮಲಗತೊಡಗಿದವು.

ಚಿಕ್ಕಬಸವಯ್ಯ ಆಡು ಬಿಟ್ಟು ಬರುವುದಿಲ್ಲವೆಂದು ಒಳಗೇ ಕುಟ್ಟುತ್ತಿದ್ದ.

"ಉಳಿ ತತ್ತಿನಿ, ಈಚ್ಗ ಬಾ," ಎಂದು ಪುಟ್ಟಮಾದಯ್ಯ ನೀರು ಸೀಳಿಕೊಂಡು ನಡೆದ.

"ಏನ್ಲಾ ಆಕಿದ್ದಯ್ ಇದ್ಕ?" ಎಂದಿತು ಒಳಗಿನ ದನಿ. ಬೈಗುಳವಲ್ಲ, ನಿಜವಾಗಿಯೇ ಕೇಳಿದ ಹಾಗಿತ್ತು. ಪುಟ್ಟಮಾದಯ್ಯ ಬಾಗಿಲು ಮುಟ್ಟುವ ಮುಂಚೆ ಉದ್ದನೆಯ ಗೋಡೆ ಇಡಿಯಾಗಿ ಕುಸಿಯಿತು.

ವಾರದ ಮೇಲೆ ಬಸವಪ್ರಸಾದ ಬಂದು, ಜೀಪಿನ ಬಾನೆಟ್ಟಿನ ಮೇಲೆ ವರದಿ ಬರೆದು ಓದಿ ಹೇಳಿದ. ಸ್ಥಳೀಯ ಗಾರೆಯವರ ಕಳಪೆ ಕಾಮಗಾರಿಯಿಂದ ಗೋಡೆಗಳು ಕುಸಿದಿವೆ. ಹೆಬ್ಬೆಟ್ಟಿಗೆ ಶಾಯಿ ಮುಂದಿಟ್ಟ.

ಪುಟ್ಟಮಾದಯ್ಯ ಕೈ ಹಿಂದಕ್ಕೆ ಕಟ್ಟಿಕೊಂಡ. "ಕಳಪ ಮಾಡಿದ್ರ ಅವ್ನು ಬದುಕ್ಕೊತಿದ್ದ ಬುದ್ಧಿ. ಅದ್ನ ಬರ್ಕೊ."

ಬಸವಪ್ರಸಾದ ಅದನ್ನು ಬರೆದುಕೊಳ್ಳಲಿಲ್ಲ. ಹೋದದ್ದರ ಪಟ್ಟಿ ಮಾತ್ರ ಬರೆದುಕೊಂಡ. ಮನೆ ಇಪ್ಪತ್ತು, ಎಮ್ಮೆ ಆರು, ಆಡು ಮೂವತ್ತೊಂದು, ರಾಗಿ ಹದಿನಾಲ್ಕು ಮೂಟೆ, ಜನ ಒಬ್ಬ.