ಮಲಗಿದವನ ಕಾವಲು

ಬಾಗಿಲ ಮುಂದೆ ಗಂಡಸರು ಪದ್ಧತಿಯಂತೆ ಕೋಲಿಗೊರಗಿ ಸಾಲಾಗಿ ನಿಂತು ಗೋಳಿಡುತ್ತಿದ್ದರೆ, ಸತ್ತವನ ಮಗ ಮೆದೆರ್ ಉಣ್ಣೆಡೇರೆಯ ಹಿಂದೆ ಬಂದೂಕಿಗೆ ತೋಟಾ ತುಂಬುತ್ತಿದ್ದ.

“ಮಣ್ಣು ಮುಗೀಲಿ, ಆಮೇಲೆ ಹೊಡಿ,” ಎಂದ ಪಕ್ಕದ ಹಟ್ಟಿಯ ಕಾಲಿಚ. “ಹೆಣ ಒಳಗಿರುವಾಗ ಗುಂಡಿನ ಸದ್ದು ಬೇಡ.”

“ನಮ್ಮಪ್ಪನ್ನ ತಿಂದ್ಕೊಂಡ ನಾಯಿ ಚಿಕ್ಕಪ್ಪ ಅದು!”

ಕಾಲಿಚ ತಲೆ ತಗ್ಗಿಸಿದ. ನರೀನ್ ನದಿಯ ಮೇಲಿನ ಹುಲ್ಲುಗಾವಲಲ್ಲಿ ಮುದುಕ ಸರಿಂಜಿ ಕುದುರೆಯಿಂದ ಬಿದ್ದದ್ದನ್ನು ಮೊದಲು ಕಂಡವನೇ ಅವನು. ಬಿದ್ದವನ ಕೈ ಒಮ್ಮೆ ಆಡಿದ ಹಾಗಿತ್ತು. ಆದರೆ ಕುರಿನಾಯಿ ಅಕ್ತೋಶ್ ಹಲ್ಲು ಕಿರಿದು ಸುತ್ತು ಹೊಡೆಯುತ್ತ ಯಾರನ್ನೂ ಹತ್ತಿರ ಬಿಡಲಿಲ್ಲ.

*

ಆ ಪಾಠ ಕಲಿಸಿದವನು ಸರಿಂಜಿಯೇ. ನಿದ್ದೆಯಲ್ಲಿದ್ದ ಕುರುಬನೊಬ್ಬನ ತಲೆ ಒಡೆದು ಕಳ್ಳರು ಕುರಿ ಹೊಡೆದುಕೊಂಡು ಹೋದ ವರ್ಷ ಅವನು ಈ ನಾಯಿಮರಿ ತಂದ. ತಾನು ಹುಲ್ಲಿನ ಮೇಲೆ ಮಲಗುವನು. ಹೆಂಡತಿ ಜಿಪಾರ್ ಮೆಲ್ಲಗೆ ಹೆಜ್ಜೆಯಿಟ್ಟು ಬರಬೇಕು. ಮರಿ ಅವಳ ಮೇಲೆ ಎಗರಿದರೆ ಅದಕ್ಕೆ ಒಂದು ಚೂರು ಕುರಿಬಾಲದ ಕೊಬ್ಬು.

“ಈ ವಯಸ್ಸಲ್ಲಿ ನನ್ನ ಕಳ್ಳಿ ಮಾಡಿಬಿಟ್ರಲ್ಲ!” ಎಂದು ಅವಳು ನಗುವಳು.

“ನೀನು ‘ಸಾಕು’ ಅಂದಾಗ ಮಾತ್ರ ಅದು ಸರೀಬೇಕು. ಇನ್ಯಾರು ಅಂದ್ರೂ ಸರೀಬಾರ್ದು.”

*

“ನನ್ನ ಯಾಕೆ ಕರೀಲಿಲ್ಲ ಕಾಲಿಚ?” ಡೇರೆಯ ಬಾಗಿಲಲ್ಲಿ ಜಿಪಾರ್ ಕೇಳಿದಳು. ಒಳಗೆ ಗಂಡನ ಹೆಣ. ಹೊಸ್ತಿಲಿಗೆ ಅಡ್ಡ ನಾಯಿ.

“ಹೇಗೆ ಕರೀಲಿ ಅತ್ತಿಗೆ? ಸತ್ತೇ ಹೋಗಿದ್ರೆ? ಮಗ ಬರೋ ಮೊದ್ಲೇ ಹೆಂಡತಿಗೆ ಅಂಥ ಸುದ್ದಿ ಹೇಳೋದುಂಟಾ? ಅದಕ್ಕೇ ಕಣಿವೆ ಆಚೆ ಮೆದೆರ್‌ನ ಕರೆಯೋಕೆ ಓಡಿದೆ.”

“ಒಂದು ಮಾತಿಗೆ ಸರೀತಿತ್ತು ಅದು. ಕೊನೆಗೆ ಸರಿದದ್ದೂ ನನ್ನ ಮಾತಿಗೇ. ಅಷ್ಟರಲ್ಲಿ ಅವರ ಮೈ ತಣ್ಣಗಾಗಿತ್ತು.”

ಅವಳಿಗೆ ನಾಯಿಯ ಮೇಲೆ ಸಿಟ್ಟು ಬರಲಿಲ್ಲ. ಪದ್ಧತಿ ತಪ್ಪದ ಈ ಮರ್ಯಾದಸ್ಥರ ಮೇಲೆ ಬಂತು. ಆದರೂ “ಸಾಕು” ಎಂದು ಅಕ್ತೋಶ್‌ನ ಕೊರಳಪಟ್ಟಿ ಹಿಡಿದು ನಿಂತಳು. ಗಂಡಸರು ಹೆಣ ಹೊತ್ತು ಹೋದರು. ಹೆಂಗಸರು ಗೋರಿಯ ತನಕ ಹೋಗುವಂತಿಲ್ಲ.

ಮಣ್ಣು ಮುಗಿಸಿ ಬಂದ ಮೆದೆರ್ ಕೈಯನ್ನೂ ತೊಳೆಯದೆ ಬಂದೂಕು ಹಿಡಿದು ಡೇರೆಯ ಬಾಗಿಲ ಕಂಬಳಿ ಎತ್ತಿದ. ಹೆಣ ಇಟ್ಟಿದ್ದ ಜಾಗದಲ್ಲೇ, ಅಪ್ಪನ ತುಪ್ಪಳದ ಕೋಟು ಹೊದ್ದು ಅಮ್ಮ ಮಲಗಿದ್ದಳು.

“ಅಮ್ಮಾ, ಏಳು. ‘ಸಾಕು’ ಅನ್ನು ಅದಕ್ಕೆ.”

ಜಿಪಾರ್ ಕಣ್ಣು ಮುಚ್ಚಿಕೊಂಡಳು.

ಅಕ್ತೋಶ್ ಎದ್ದು, ಅವಳಿಗೆ ಬೆನ್ನು ಕೊಟ್ಟು ನಿಂತು, ಬಾಗಿಲಿನತ್ತ ಹಲ್ಲು ಕಿರಿಯಿತು. ಬಂದೂಕಿನ ನೇರಕ್ಕೆ ನಾಯಿ. ನಾಯಿಯ ಹಿಂದೆ ಅಮ್ಮನ ತಲೆ.